ಬೋರ್ಡ್ ಸುಧಾರಿಸಿತು, ಆಡಿಟ್ ಫೀ ಮಾತ್ರ ಎರಡು ಪಟ್ಟು ದಾಟಿತು. ಇದು ಸರೀನಾ?

ಪೀಣ್ಯ ಲೆಕ್ಕಿಗ:
ಪೀಣ್ಯ ಎರಡನೇ ಹಂತದಲ್ಲಿರುವ ಒಂದು ಆಟೋ ಬಿಡಿಭಾಗದ ಕಂಪನಿಯಲ್ಲಿ ಫೈನಾನ್ಸ್ ನೋಡಿಕೊಳ್ಳುತ್ತೇನೆ. ಅಣ್ಣತಮ್ಮಂದಿರು ಕಟ್ಟಿದ ಕಂಪನಿ, ವಹಿವಾಟು ಸುಮಾರು 130 ಕೋಟಿ. ಎಸ್‌ಎಂಇ ಐಪಿಒ (ಸಣ್ಣ, ಮಧ್ಯಮ ಕಂಪನಿಗಳ ಷೇರುಪೇಟೆ ವಿಭಾಗದಲ್ಲಿ ಷೇರು ಮಾರಾಟ) ಮಾಡುವ ಆಸೆಯಿಂದ ಹೋದ ವರ್ಷ ಪಬ್ಲಿಕ್ ಲಿಮಿಟೆಡ್ ಆದೆವು. ಕುಟುಂಬದ ಹೊರಗಿನ ಇಬ್ಬರು ಸ್ವತಂತ್ರ ನಿರ್ದೇಶಕರು ಬಂದರು. ಲೆಕ್ಕ, ಆಡಿಟ್ ನೋಡಿಕೊಳ್ಳಲು ಬೋರ್ಡ್‌ನೊಳಗೆ ಆಡಿಟ್ ಕಮಿಟಿ ಆಯಿತು. ಇಂಟರ್ನಲ್ ಆಡಿಟ್‌ಗೆ ಬೇರೆ ಫರ್ಮ್ ಇಟ್ಟೆವು.

ಹಳೆಯ ಆಡಿಟರ್ 4.5 ಲಕ್ಷ ತೆಗೆದುಕೊಳ್ಳುತ್ತಿದ್ದರು. ಅವರ ಅವಧಿ ಮುಗಿಯಿತು. ಹೊಸ ಫರ್ಮ್ 11 ಲಕ್ಷ ಕೇಳುತ್ತಿದೆ. ಎಂಡಿ ನನ್ನ ಮೇಲೆ ಹಾರಾಡುತ್ತಿದ್ದಾರೆ. "ಎಲ್ಲ ನೆಟ್ಟಗೆ ಮಾಡಿದ ಮೇಲೆ ಆಡಿಟರ್‌ಗೆ ಕೆಲಸ ಕಡಿಮೆ ಆಗಬೇಕಲ್ವಾ? ಜಾಸ್ತಿ ದುಡ್ಡು ಯಾಕೆ?" ಅಂತ. ನಿಜ ಹೇಳಬೇಕೆಂದರೆ ನನ್ನ ಬಳಿಯೂ ಉತ್ತರ ಇಲ್ಲ. ಆಡಳಿತ ಚೆನ್ನಾಗಿದ್ದರೆ ಫೀ ಇಳಿಯಬೇಕೋ, ಏರಬೇಕೋ? ತಿಳಿದವರು ಹೇಳಿ.

ಬಡ್ಡಿ ಬಸವ:
ಚೌಕಾಸಿ ಮಾಡಿ ಸರ್. ಮೊದಲ ಕೊಟೇಶನ್‌ಗೇ ತಲೆ ಆಡಿಸುವವರು ಯಾರಿದ್ದಾರೆ?

ಎಚ್‌ಎಸ್‌ಆರ್ ಸ್ಟಾರ್ಟಪ್:
ಒಂದು ಸಹಿಗೆ 11 ಲಕ್ಷ! ಲಿಸ್ಟಿಂಗ್ ಅಂದ ತಕ್ಷಣ ಎಲ್ಲರೂ ರೇಟ್ ಏರಿಸುತ್ತಾರೆ. ಮದುವೆ ಅಂತ ಹೇಳಿದ ಕೂಡಲೇ ಹೂವಿನವನು ರೇಟ್ ಏರಿಸುವ ಹಾಗೆ, ಅಷ್ಟೇ. ಗವರ್ನೆನ್ಸ್ ಗಿವರ್ನೆನ್ಸ್ ಎಲ್ಲ ಸುಮ್ನೆ. ನೀವು ಲಿಸ್ಟ್ ಆದ ಮೇಲೆ ಇಂಡ್ ಎಎಸ್ (ದೊಡ್ಡ ಕಂಪನಿಗಳ ಲೆಕ್ಕದ ಮಾನದಂಡ) ಕೂಡ ಬರುತ್ತದೆ, ಆಗ ಇದರ ಎರಡು ಪಟ್ಟು ರೆಡಿ ಇಟ್ಟುಕೊಳ್ಳಿ.

ವಸಂತನಗರದ ಸಿಎಸ್:
@ಎಚ್‌ಎಸ್‌ಆರ್ ಸ್ಟಾರ್ಟಪ್, ತಪ್ಪು. ಎಸ್‌ಎಂಇ ಎಕ್ಸ್‌ಚೇಂಜ್‌ನಲ್ಲಿ ಮಾತ್ರ ಲಿಸ್ಟ್ ಆದ ಕಂಪನಿಗೆ ಇಂಡ್ ಎಎಸ್ ಕಡ್ಡಾಯ ಇಲ್ಲ. ಮೇನ್ ಬೋರ್ಡ್‌ಗೆ, ಅಂದರೆ ಷೇರುಪೇಟೆಯ ಮುಖ್ಯ ವಿಭಾಗಕ್ಕೆ ಹೋಗುವಾಗ ಆ ಮಾತು. ಸುಮ್ಮನೆ ಹೆದರಿಸಬೇಡಿ.

ಜಯನಗರ ಸಿಎ:
ಲೆಕ್ಕಿಗ ಅವರೇ, ಒಟ್ಟಿಗೆ ಮೂರು ವಿಷಯ ಬದಲಾಗಿವೆ. ಬೋರ್ಡ್ ಬದಲಾಯಿತು, ಆಡಿಟರ್ ಬದಲಾದರು, ಕಂಪನಿ ಐಪಿಒ ದಾರಿ ಹಿಡಿಯಿತು. ಏರಿಕೆಯನ್ನು ಪೂರ್ತಿ ಬೋರ್ಡ್ ತಲೆಗೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಎರಡು ಪ್ರಶ್ನೆಗೆ ಉತ್ತರ ಕೊಡಿ. ಹಳೆಯ ಆಡಿಟರ್ ಬಳಿ ಐಪಿಒಗೆ ಬೇಕಾಗುವ ಪೀರ್ ರಿವ್ಯೂ ಸರ್ಟಿಫಿಕೇಟ್ (ಫರ್ಮ್‌ನ ಕೆಲಸವನ್ನು ಬೇರೆ ಸಿಎಗಳು ಪರಿಶೀಲಿಸಿದ್ದಕ್ಕೆ ಪ್ರಮಾಣಪತ್ರ) ಇತ್ತಾ? ವರ್ಷದ ಕೊನೆಯ ಎಂಟ್ರಿಗಳನ್ನು ಯಾರು ಹಾಕುತ್ತಿದ್ದರು?

ಪೀಣ್ಯ ಲೆಕ್ಕಿಗ:
ಪೀರ್ ರಿವ್ಯೂ ಇರಲಿಲ್ಲ. ಅದಕ್ಕೇ ಅವರು ಮುಂದುವರಿಯಲಿಲ್ಲ. ಮಾರ್ಚ್ ಎಂಟ್ರಿ ಎಲ್ಲ ಅವರ ಹುಡುಗರೇ ನಮ್ಮ ಆಫೀಸಿನಲ್ಲಿ ಕೂತು ಹಾಕುತ್ತಿದ್ದರು. ಡಿಪ್ರಿಸಿಯೇಶನ್, ಪ್ರಾವಿಷನ್, ಬ್ಯಾಲೆನ್ಸ್ ಶೀಟ್ ಟೈಪಿಂಗ್, ಎಲ್ಲ.

ಜಯನಗರ ಸಿಎ:
ನೋಡಿ, ಅಲ್ಲೇ ಇದೆ. ಕಂಪನಿ ಕಾಯ್ದೆಯ ಸೆಕ್ಷನ್ 144 ಪ್ರಕಾರ ಶಾಸನಬದ್ಧ ಆಡಿಟರ್ ಅದೇ ಕಂಪನಿಯ ಪುಸ್ತಕ ಬರೆಯುವಂತಿಲ್ಲ. ತಾವೇ ಬರೆದ ಲೆಕ್ಕಕ್ಕೆ ತಾವೇ ಟಿಕ್ ಹಾಕಿದರೆ ಅದು ಆಡಿಟ್ ಹೇಗಾಗುತ್ತದೆ? ನೀವು ಕೊಡುತ್ತಿದ್ದ 4.5 ಲಕ್ಷದಲ್ಲಿ ಅರ್ಧಕ್ಕರ್ಧ ಅಕೌಂಟ್ಸ್ ಕೆಲಸದ ಕೂಲಿ ಇದ್ದಿರಬಹುದು. ಪರಿಶೀಲನೆಗೆ ಉಳಿದದ್ದು ಎಷ್ಟು?

ಈಗ ಫೀ ಹೇಗೆ ಹುಟ್ಟುತ್ತದೆ ಅಂತ ಹೇಳುತ್ತೇನೆ. ಪಾರ್ಟ್ನರ್, ಮ್ಯಾನೇಜರ್, ಆರ್ಟಿಕಲ್ಸ್ (ಸಿಎ ಕಲಿಯುವ ಹುಡುಗರು), ಯಾರದ್ದು ಎಷ್ಟು ಗಂಟೆ ಎನ್ನುವುದು ಒಂದು. ನಾಳೆ ಎಡವಟ್ಟಾದರೆ ನಮಗೆ ಬೀಳುವ ಪೆಟ್ಟಿನ ಅಂದಾಜು ಇನ್ನೊಂದು. 1980ರಲ್ಲಿ ಡ್ಯಾನ್ ಸಿಮ್ಯುನಿಕ್ ಬರೆದ ಪ್ರಬಂಧದಲ್ಲಿ ಇದೇ ತರ್ಕ ಇದೆ, ಇವತ್ತಿಗೂ ಫೀ ಬಗ್ಗೆ ಸಂಶೋಧನೆ ಮಾಡುವವರು ಅಲ್ಲಿಂದಲೇ ಶುರು ಮಾಡುತ್ತಾರೆ. ಪೆಟ್ಟು ಅಂದರೆ ಬಾಯಿ ಮಾತಲ್ಲ. 2018ರ ಅಕ್ಟೋಬರ್‌ನಲ್ಲಿ ಆಡಿಟರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಎನ್‌ಎಫ್‌ಆರ್‌ಎ ಬಂತು. ತಪ್ಪು ಸಾಬೀತಾದರೆ ಫರ್ಮ್‌ಗೆ ಪಡೆದ ಫೀಯ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು, ಹತ್ತು ವರ್ಷದವರೆಗೆ ಕೆಲಸದಿಂದ ದೂರ ಇಡಬಹುದು. ಲಿಸ್ಟ್ ಆಗುವ ಕಂಪನಿ ಅಂದರೆ ಅದರ ಕಣ್ಣಿನ ಅಡಿಗೆ ಬರುವ ಕಂಪನಿ.

ಗಂಟೆ ಎಲ್ಲಿ ಹೋಗುತ್ತದೆ ಅಂತ ಕೇಳುತ್ತೀರಿ. ನಿಮ್ಮ ತರಹದ ಕಂಪನಿಯ ಸ್ಟಾಕ್ ಎಣಿಕೆ ತೆಗೆದುಕೊಳ್ಳಿ. ಸ್ಟೋರ್ಸ್‌ನಲ್ಲಿರುವುದು ಸುಲಭ, ಬಿನ್ ಕಾರ್ಡ್ ನೋಡಿ ಎಣಿಸಿದರೆ ಆಯಿತು. ಆದರೆ ಅರ್ಧ ಮಾಲು ಕಾಮಾಕ್ಷಿಪಾಳ್ಯದ ಯಾವುದೋ ಪ್ಲೇಟಿಂಗ್ ಶೆಡ್‌ನಲ್ಲಿ, ಇನ್ನಷ್ಟು ಸುಂಕದಕಟ್ಟೆಯ ಗ್ರೈಂಡಿಂಗ್‌ನವರ ಹತ್ತಿರ ಬಿದ್ದಿರುತ್ತದೆ. ಅಲ್ಲಿಗೆ ಹುಡುಗ ಹೋಗಬೇಕು. ನಿಮ್ಮ ಕ್ರೇಟ್ ಯಾವುದು, ಪಕ್ಕದ ಕಂಪನಿಯದ್ದು ಯಾವುದು ಬೇರೆ ಮಾಡಬೇಕು. ಡೆಲಿವರಿ ಚಲನ್ ಜೊತೆ ತಾಳೆ ನೋಡಬೇಕು, ಜಾಬ್ ವರ್ಕ್‌ಗೆ (ಹೊರಗೆ ಮಾಡಿಸುವ ಕೆಲಸಕ್ಕೆ) ಕಳಿಸಿದ ಮಾಲಿನ ಜಿಎಸ್‌ಟಿ ಫಾರ್ಮ್ ಐಟಿಸಿ-04ರಲ್ಲಿ ತೋರಿಸಿದ ಸಂಖ್ಯೆಗೆ ಹೊಂದಬೇಕು. ಹೊಂದುವುದಿಲ್ಲ, ಯಾವತ್ತೂ ಹೊಂದುವುದಿಲ್ಲ. ಸ್ಕ್ರ್ಯಾಪ್ ಎಷ್ಟು ಹೋಯಿತು ಅಂತ ಶೆಡ್ ಮಾಲೀಕರನ್ನು ಕೇಳಿದರೆ "ಸಾರ್ ಅದೆಲ್ಲ ಬರೆದಿಡಲ್ಲ" ಅನ್ನುತ್ತಾರೆ. 4.5 ಲಕ್ಷದ ಆಡಿಟ್‌ನಲ್ಲಿ ಕಂಪನಿ ಕೊಟ್ಟ ಲಿಸ್ಟ್ ಫೈಲ್‌ಗೆ ಹಾಕಿ ಮುಗಿಸುತ್ತಾರೆ. ಆಡಿಟ್ ಕಮಿಟಿಯಲ್ಲಿ ಕೂತವರು "ಜಾಬ್ ವರ್ಕ್ ಸ್ಟಾಕ್ ನೀವೇ ನೋಡಿದಿರಾ?" ಎಂದು ಕೇಳಿದರೆ ಹಾಗೆ ಮುಗಿಸಲು ಆಗುವುದಿಲ್ಲ.

ಶೇರುಪೇಟೆ ಶೀನ:
ಕೊನೆಯ ಪ್ಯಾರಾ ಫ್ರೇಮ್ ಹಾಕಿಸಿ ಎಂಡಿ ರೂಮಿನಲ್ಲಿ ತೂಗುಹಾಕಿ.

ಮಾನಸಗಂಗೋತ್ರಿ ಕಾಮರ್ಸ್:
ನಾನು ಇದೇ ವಿಷಯದ ಸುತ್ತ ಪಿಎಚ್‌ಡಿ ಮಾಡುತ್ತಿದ್ದೇನೆ, ಮೈಸೂರಿನಿಂದ ಈಗ ಬೆಂಗಳೂರಿಗೆ ಬಂದಿದ್ದೇನೆ. ಸಂಶೋಧಕರಲ್ಲೂ ಇದೇ ಜಗಳ ಇದೆ ಅಂದರೆ ನಂಬುತ್ತೀರಾ?

ಒಂದು ಗುಂಪು ನಿಮ್ಮ ಎಂಡಿ ಹೇಳಿದ್ದನ್ನೇ ಹೇಳುತ್ತದೆ. ಬೋರ್ಡ್ ಗಟ್ಟಿಯಾಗಿದ್ದರೆ ತಪ್ಪು ನುಸುಳುವ ಸಾಧ್ಯತೆ ಕಡಿಮೆ, ಆಡಿಟರ್ ಕಡಿಮೆ ಪರೀಕ್ಷೆ ಮಾಡಿದರೂ ನಡೆಯುತ್ತದೆ, ಫೀ ಇಳಿಯುತ್ತದೆ. 2001ರಲ್ಲಿ ಹಾಂಗ್‌ಕಾಂಗ್ ಕಂಪನಿಗಳ ಮೇಲೆ ಸುಯಿ, ಜಗ್ಗಿ, ಗುಲ್ ಮಾಡಿದ ಅಧ್ಯಯನದಲ್ಲಿ ಸಿಕ್ಕಿದ್ದು ಅದೇ. ಅಧ್ಯಕ್ಷ ಮತ್ತು ಸಿಇಒ ಬೇರೆ ಬೇರೆ ಆಗಿದ್ದ ಕಂಪನಿಗಳಲ್ಲಿ ಫೀ ಕಡಿಮೆ ಇತ್ತು.

ಇನ್ನೊಂದು ಗುಂಪು ಉಲ್ಟಾ. 2002ರಲ್ಲಿ ಕಾರ್ಸೆಲ್ಲೊ ಮತ್ತು ಜೊತೆಗಾರರು ಅಮೆರಿಕದ ದೊಡ್ಡ ಕಂಪನಿಗಳನ್ನು ನೋಡಿದರು. ಬೋರ್ಡ್ ಎಷ್ಟು ಸ್ವತಂತ್ರವೋ, ಎಷ್ಟು ಸಲ ಸೇರುತ್ತದೋ, ಸದಸ್ಯರಿಗೆ ಎಷ್ಟು ಅನುಭವವೋ, ಅಷ್ಟೂ ಫೀ ಜಾಸ್ತಿ. ಕಾರಣ ಇಷ್ಟೇ. ಹೆಸರು ಕೆಡಬಾರದು, ಕೋರ್ಟಿಗೆ ಹೋಗಬಾರದು ಎನ್ನುವ ನಿರ್ದೇಶಕರು ಇನ್ನೂ ಆಳವಾದ ಆಡಿಟ್ ಬೇಕು ಅನ್ನುತ್ತಾರೆ. ಕೊಳ್ಳುವವರೇ ಜಾಸ್ತಿ ಕೊಳ್ಳುತ್ತಾರೆ. 2008ರಲ್ಲಿ ಹೇ, ನೆಚೆಲ್, ಲಿಂಗ್ ನ್ಯೂಜಿಲೆಂಡ್‌ನಲ್ಲಿ ನೋಡಿದಾಗಲೂ ಇಂಟರ್ನಲ್ ಆಡಿಟ್, ಒಳ್ಳೆಯ ಆಡಳಿತ, ಹೊರಗಿನ ಆಡಿಟ್ ಫೀ, ಮೂರೂ ಒಟ್ಟೊಟ್ಟಿಗೆ ಏರುತ್ತಿದ್ದವು. ಒಂದು ಇದ್ದರೆ ಇನ್ನೊಂದು ಬೇಡ ಅನ್ನುವಂತೆ ಇರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಎಳೆತ ಒಂದೇ ಕಂಪನಿಯಲ್ಲಿ ಒಟ್ಟಿಗೆ ನಡೆಯುತ್ತವೆ. ಬೋರ್ಡ್ ಹೊಸದಾಗಿ ಬಂದ ವರ್ಷ ಬೇಡಿಕೆಯ ಎಳೆತ ಜೋರು. ರಿಸ್ಕ್ ಇಳಿದಿದೆ ಎಂದು ಆಡಿಟರ್ ನಂಬಲು ಕೆಲವು ವರ್ಷ ಬೇಕು. ನಿಮ್ಮದು ಮೊದಲ ವರ್ಷ.

ಎಚ್‌ಎಸ್‌ಆರ್ ಸ್ಟಾರ್ಟಪ್:
ಅಮೆರಿಕ, ಹಾಂಗ್‌ಕಾಂಗ್ ಬಿಡಿ. ನಮ್ಮ ದೇಶದಲ್ಲಿ ಸ್ವತಂತ್ರ ನಿರ್ದೇಶಕ ಅಂದರೆ ಪ್ರೊಮೋಟರ್ ಜೊತೆ ಗಾಲ್ಫ್ ಆಡುವವನು. ಸತ್ಯಂ ಮರೆತಿರಾ? ಹಾರ್ವರ್ಡ್ ಪ್ರೊಫೆಸರ್ ಬೋರ್ಡ್‌ನಲ್ಲಿದ್ದರು. 2008ರಲ್ಲಿ ಗವರ್ನೆನ್ಸ್‌ಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬೇರೆ. ದೊಡ್ಡ ಹೆಸರಿನ ಆಡಿಟರ್, ದೊಡ್ಡ ಫೀ. 2009ರ ಜನವರಿ 7ಕ್ಕೆ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಗೆ ಪತ್ರ ಬಂತು. ಬ್ಯಾಂಕಿನಲ್ಲಿದೆ ಅಂದ ದುಡ್ಡಿನಲ್ಲಿ 5,040 ಕೋಟಿ ಇರಲೇ ಇಲ್ಲ.

ನಿವೃತ್ತ ಬ್ಯಾಂಕರ್, ಬಸವನಗುಡಿ:
ನೀವು ಹೇಳಿದ್ದು ಸರಿ, ತೀರ್ಮಾನ ಮಾತ್ರ ತಪ್ಪು. ಫೀ ದೊಡ್ಡದಿದ್ದರೆ ಆಡಿಟ್ ಚೆನ್ನಾಗಿದೆ ಎಂದು ಇಲ್ಲಿ ಯಾರೂ ಹೇಳಿಲ್ಲ. ಕೇಳಬೇಕಾದ್ದು, ಆ ಫೀಗೆ ಏನು ಕೆಲಸ ಆಯಿತು ಅಂತ. ಬ್ಯಾಂಕ್ ಬ್ಯಾಲೆನ್ಸ್ ದೃಢೀಕರಣ ಪತ್ರವನ್ನು ಆಡಿಟರ್ ನೇರವಾಗಿ ಬ್ಯಾಂಕಿನಿಂದ ತರಿಸಿಕೊಳ್ಳಬೇಕು. ಕಂಪನಿಯವರು ಕೊಟ್ಟ ಕಾಗದ ನಂಬಬಾರದು. ಇದು ಆಡಿಟ್‌ನ ಅಆಇಈ. ನಾನು ಸಾಲ ವಿಭಾಗದಲ್ಲಿದ್ದಾಗ ಇಂಥ ಪತ್ರಗಳಿಗೆ ಉತ್ತರ ಕಳಿಸುತ್ತಿದ್ದೆ. ಕೆಲವು ಕಂಪನಿಯ ಖಾತೆಗೆ ವರ್ಷಗಟ್ಟಲೆ ಒಂದು ಪತ್ರವೂ ಬರುತ್ತಿರಲಿಲ್ಲ. ಅವರ ಬ್ಯಾಲೆನ್ಸ್ ಶೀಟ್ ಮೇಲೆ ಆಡಿಟರ್ ಸಹಿ ಮಾತ್ರ ಮುದ್ದಾಗಿ ಇರುತ್ತಿತ್ತು. ಸಾಲ ಕೊಡುವಾಗ ನಾವು ಆಡಿಟ್ ಫೀ ಸಾಲನ್ನೂ ನೋಡುತ್ತಿದ್ದೆವು. 80 ಕೋಟಿ ವಹಿವಾಟಿನ ಕಂಪನಿಗೆ 60 ಸಾವಿರ ಫೀ ಇದ್ದರೆ ಇನ್ನೆರಡು ಪ್ರಶ್ನೆ ಜಾಸ್ತಿ ಕೇಳುತ್ತಿದ್ದೆವು.

ಆರ್ಟಿಕಲ್ ಹುಡುಗ:
ನಮ್ಮ ಸ್ಟೈಪೆಂಡ್ ಬಗ್ಗೆ ಯಾರಾದರೂ ಮಾತಾಡುತ್ತೀರಾ? ಸುಂಕದಕಟ್ಟೆ ಶೆಡ್‌ನಲ್ಲಿ ಬುಷ್ ಎಣಿಸುವವನು ನಾನೇ.

ಬಡ್ಡಿ ಬಸವ:
@ಆರ್ಟಿಕಲ್ ಹುಡುಗ, ನಿನಗೆ ಅನುಭವ ಸಿಗುತ್ತಿದೆಯಲ್ಲ ಮಾರಾಯ.

ಆರ್ಟಿಕಲ್ ಹುಡುಗ:
ಅನುಭವ ತಗೊಂಡು ಹೋದರೆ ಮಾಗಡಿ ರೋಡಿನಲ್ಲಿ ಆಟೋದವರು ಚಿಲ್ಲರೆ ಕೊಡುತ್ತಾರಾ ಅಣ್ಣ?

ಶೇರುಪೇಟೆ ಶೀನ:
ಹೂಡಿಕೆದಾರನ ಕಡೆಯಿಂದ ಒಂದು ಮಾತು. ನಾನು ವಾರ್ಷಿಕ ವರದಿಯಲ್ಲಿ ಮೊದಲು ನೋಡುವುದು ಇತರೆ ಖರ್ಚಿನ ಟಿಪ್ಪಣಿಯಲ್ಲಿರುವ "ಆಡಿಟರ್‌ಗೆ ಪಾವತಿ". ಆಡಿಟ್‌ಗೆ ಎಷ್ಟು, ತೆರಿಗೆ ಕೆಲಸಕ್ಕೆ ಎಷ್ಟು, ಇತರೆ ಸೇವೆಗೆ ಎಷ್ಟು ಅಂತ ಬಿಡಿಸಿ ಬರೆದಿರುತ್ತಾರೆ. ಇತರೆ ಸೇವೆ ಆಡಿಟ್‌ಗಿಂತ ಜಾಸ್ತಿ ಇದ್ದರೆ ನನಗೆ ಕಿರಿಕಿರಿ ಶುರು. ಅಂಥ ಗಿರಾಕಿಗೆ "ಇಲ್ಲ" ಅನ್ನಲು ಆಡಿಟರ್‌ಗೆ ಧೈರ್ಯ ಎಲ್ಲಿಂದ ಬರಬೇಕು? ಲಿಸ್ಟ್ ಆದ ಕಂಪನಿಗಳು ಈಗ ಆಡಿಟರ್‌ಗೆ ಮತ್ತು ಅದರ ನೆಟ್‌ವರ್ಕ್ ಫರ್ಮ್‌ಗಳಿಗೆ (ಅದೇ ಗುಂಪಿನ ಇತರ ಫರ್ಮ್‌ಗಳಿಗೆ) ಕೊಟ್ಟ ಒಟ್ಟು ಮೊತ್ತವನ್ನೂ ಹೇಳಬೇಕು, ಅಂಗಸಂಸ್ಥೆಗಳು ಕೊಟ್ಟದ್ದನ್ನೂ ಸೇರಿಸಿ.

ನಮ್ಮೂರಿನ ಕಥೆಯನ್ನೇ ನೋಡಿ. ಕಾಫಿ ಡೇ ವಿಚಾರದಲ್ಲಿ ಷೇರುಪೇಟೆ ನಿಯಂತ್ರಕ ಸೆಬಿಯ 2023ರ ಜನವರಿ ಆದೇಶದ ಪ್ರಕಾರ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ಪ್ರೊಮೋಟರ್ ಕುಟುಂಬದ ಕಾಫಿ ಎಸ್ಟೇಟ್ ಕಂಪನಿಗೆ ಹೋಗಿತ್ತು. ಮೇಲಿನ ಕಂಪನಿಯಲ್ಲಿ ಸ್ವತಂತ್ರ ನಿರ್ದೇಶಕರೂ ಇದ್ದರು, ಕಮಿಟಿಯೂ ಇತ್ತು. ದುಡ್ಡು ಹೋಗಿದ್ದು ಕೆಳಗಿನಿಂದ. ಹಾಗಾಗಿ ಬೋರ್ಡ್‌ನಲ್ಲಿ ಎಷ್ಟು ಜನ ಎನ್ನುವುದಕ್ಕಿಂತ ಅಂಗಸಂಸ್ಥೆಗಳ ಆಡಿಟ್‌ಗೆ ಎಷ್ಟು ಕೊಡುತ್ತಾರೆ, ಯಾರು ಮಾಡುತ್ತಾರೆ ಅಂತ ನೋಡುತ್ತೇನೆ.

ಎಚ್‌ಎಸ್‌ಆರ್ ಸ್ಟಾರ್ಟಪ್:
ಬೈಜೂಸ್ ಬಿಟ್ಟಿರಲ್ಲ.

ಶೇರುಪೇಟೆ ಶೀನ:
ಅದು ಬೇರೆ ಪಾಠ. ಅಲ್ಲಿ ಆಡಿಟರ್ ಎದ್ದು ಹೋದರು. 2023ರ ಜೂನ್‌ನಲ್ಲಿ ಆಡಿಟ್ ಫರ್ಮ್ ಡೆಲಾಯ್ಟ್ ರಾಜೀನಾಮೆ ಕೊಟ್ಟಿತು, ಲೆಕ್ಕಪತ್ರ ತುಂಬಾ ತಡವಾಗಿದೆ ಅಂತ. ಆಗಲೇ ಮೂವರು ಹೂಡಿಕೆದಾರ ನಿರ್ದೇಶಕರೂ ಹೊರಟರು. ಆಮೇಲೆ ಬಂದ ಬಿಡಿಒ 2024ರ ಸೆಪ್ಟೆಂಬರ್‌ನಲ್ಲಿ ಹೊರಟಿತು. ಆಡಳಿತ ಒಂದು ಹಂತಕ್ಕಿಂತ ಕೆಳಗೆ ಇಳಿದರೆ ಫೀ ಏರಿಸಿ ಸರಿ ಮಾಡಿಕೊಳ್ಳುವ ಮಾತೇ ಇಲ್ಲ. ಎಷ್ಟು ಕೊಟ್ಟರೂ ಬೇಡ ಅನ್ನುತ್ತಾರೆ.

ಜಯನಗರ ಸಿಎ:
ನಿಜ. ನಾವು ಕೆಲಸ ಒಪ್ಪಿಕೊಳ್ಳುವ ಮೊದಲೇ ಹಳೆಯ ಆಡಿಟರ್‌ಗೆ ಪತ್ರ ಬರೆಯುತ್ತೇವೆ. ಉತ್ತರದಲ್ಲಿ ಮುಲಾಜು ಜಾಸ್ತಿ ಕಂಡರೆ ಕೊಟೇಶನ್ ಕೂಡ ಕೊಡುವುದಿಲ್ಲ.

ವಸಂತನಗರದ ಸಿಎಸ್:
ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಫೀ ನಿಗದಿ ಮಾಡುವವರು ಯಾರು? ಎಂಡಿ ಅಲ್ಲ. ಸೆಕ್ಷನ್ 142 ಪ್ರಕಾರ ಷೇರುದಾರರ ಸಾಮಾನ್ಯ ಸಭೆ, ಅಥವಾ ಸಭೆ ಹೇಳಿದ ರೀತಿ. ಸೆಕ್ಷನ್ 177ರಲ್ಲಿ ಆಡಿಟರ್ ನೇಮಕ, ಫೀ, ಷರತ್ತು ಶಿಫಾರಸು ಮಾಡುವ ಕೆಲಸ ಆಡಿಟ್ ಕಮಿಟಿಗೆ ಕೊಟ್ಟಿದ್ದಾರೆ. ಲೆಕ್ಕಿಗ ಅವರೇ, ನಿಮ್ಮ ವಹಿವಾಟು 100 ಕೋಟಿ ದಾಟಿರುವುದರಿಂದ ಪಬ್ಲಿಕ್ ಕಂಪನಿ ಆದ ಮೇಲೆ ಆಡಿಟ್ ಕಮಿಟಿ ಮತ್ತು ಇಬ್ಬರು ಸ್ವತಂತ್ರ ನಿರ್ದೇಶಕರು ಕಾನೂನಿನ ಬಲವಂತ, ಎಂಡಿ ಮಾಡಿದ ಉಪಕಾರ ಅಲ್ಲ. ಇಂಟರ್ನಲ್ ಆಡಿಟ್ ಮಾತ್ರ ನೀವು ಸ್ವಂತ ಇಷ್ಟದಿಂದ ಇಟ್ಟಿರಬೇಕು, ಅದಕ್ಕೆ ಭೇಷ್.

ಹಳೆಯ ಪದ್ಧತಿಯಲ್ಲಿ ಏನಾಗುತ್ತಿತ್ತು? ಯಾರ ಲೆಕ್ಕ ಪರಿಶೀಲಿಸಬೇಕೋ ಅವರೇ ಫೀ ಚೌಕಾಸಿ ಮಾಡುತ್ತಿದ್ದರು. ಈಗ ಆ ಮೇಜು ಬದಲಾಗಿದೆ. ಫೀ ಏರಲು ಅದೂ ಒಂದು ಕಾರಣ. ಕಮಿಟಿಯಲ್ಲಿ ಕೂತವರ ಜೇಬಿನಿಂದ ದುಡ್ಡು ಹೋಗುವುದಿಲ್ಲ, ಹೆಸರು ಮಾತ್ರ ಹೋಗುತ್ತದೆ. ಅವರು ಅಗ್ಗದ ಆಡಿಟರ್ ಯಾಕೆ ಹುಡುಕುತ್ತಾರೆ?

ಇನ್ನೊಂದು. ಲಿಸ್ಟ್ ಆದ ಮೇಲೆ ಹೊಸ ಆಡಿಟರ್‌ನ ಫೀ ಹಳೆಯವರಿಗಿಂತ ತುಂಬಾ ಬದಲಾದರೆ ಸಭೆಯ ನೋಟಿಸ್‌ನಲ್ಲೇ ಕಾರಣ ಬರೆಯಬೇಕು. ಸೆಬಿ ಎಲ್‌ಒಡಿಆರ್ (ಲಿಸ್ಟ್ ಆದ ಕಂಪನಿಗಳ ನಿಯಮಾವಳಿ) ನಿಯಮ 36(5). ಈಗಲೇ ಆ ಕಾರಣ ಬರೆದು ಅಭ್ಯಾಸ ಮಾಡಿಕೊಳ್ಳಿ. ಬರೆಯಲು ಆಗದಿದ್ದರೆ ಕೊಟೇಶನ್‌ನಲ್ಲೇ ಏನೋ ಐಬು ಇದೆ.

ರಾಜಾಜಿನಗರ ಅಪಾರ್ಟ್‌ಮೆಂಟ್ ಖಜಾಂಚಿ:
ನಮ್ಮ ಅಸೋಸಿಯೇಷನ್ ಆಡಿಟ್‌ಗೆ 8 ಸಾವಿರ ಕೊಡುತ್ತೇವೆ, ಅದಕ್ಕೂ ಸಭೆಯಲ್ಲಿ ಒಂದು ಗಂಟೆ ಜಗಳ. ಡೀಸೆಲ್ ಬಿಲ್ ಯಾರೂ ಕೇಳಲ್ಲ.

ನಿವೃತ್ತ ಬ್ಯಾಂಕರ್, ಬಸವನಗುಡಿ:
ಡೀಸೆಲ್ ಬಿಲ್ ಕೇಳಿ ಸ್ವಾಮಿ! ಜೊತೆಗೆ ಜನರೇಟರ್ ಓಡಿದ ಗಂಟೆಯ ಲಾಗ್ ಬುಕ್ ಕೇಳಿ. ನಮ್ಮ ಬಸವನಗುಡಿಯಲ್ಲಿ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಕಥೆ ಕಣ್ಣಾರೆ ಕಂಡಿದ್ದೇವೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು, ಹಿಂದೆ ಪಡೆಯಲು 35 ಸಾವಿರದ ಮಿತಿ. ಪಿಂಚಣಿ ದುಡ್ಡು ಇಟ್ಟ ಹಿರಿಯರು ಬಾಗಿಲ ಮುಂದೆ ನಿಂತಿದ್ದರು. ಪ್ರತಿ ವರ್ಷ ವಾರ್ಷಿಕ ಸಭೆ ಆಗುತ್ತದೆ, ಲೆಕ್ಕ ಮಂಡಿಸುತ್ತಾರೆ, ಎಲ್ಲರೂ ಕೈ ಎತ್ತುತ್ತಾರೆ, ಆಮೇಲೆ ಊಟ. ಯಾವ ಸಹಕಾರ ಸಂಘದಲ್ಲಾದರೂ ಆಡಿಟರ್ ಯಾರು, ಎಷ್ಟು ಕೊಟ್ಟೆವು, ಏನು ನೋಡಿದರು ಅಂತ ಸದಸ್ಯರು ಎದ್ದು ಕೇಳಿದ್ದನ್ನು ನಾನು ನೋಡಿಲ್ಲ.

ಶೇರುಪೇಟೆ ಶೀನ:
ಊಟಕ್ಕೆ ಏನಿತ್ತು ಅಂತ ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ಮಾನಸಗಂಗೋತ್ರಿ ಕಾಮರ್ಸ್:
ವಿಷಯಕ್ಕೆ ಬನ್ನಿ ಸ್ವಾಮಿ. 2017 ಯಾರಿಗಾದರೂ ನೆನಪಿದೆಯಾ? ಆಡಿಟರ್‌ಗಳ ಕಡ್ಡಾಯ ಬದಲಾವಣೆ ಜಾರಿಗೆ ಬಂದು, ಹತ್ತು ವರ್ಷ ದಾಟಿದ ಫರ್ಮ್‌ಗಳನ್ನು ಲಿಸ್ಟೆಡ್ ಕಂಪನಿಗಳು ಬದಲಿಸಿದ ವರ್ಷ. ಇನ್ಫೋಸಿಸ್ ಕೂಡ ಆಗಲೇ ಡೆಲಾಯ್ಟ್‌ಗೆ ಹೋಯಿತು. ಹೊಸ ಗಿರಾಕಿ ಹಿಡಿಯಲು ಮೊದಲ ವರ್ಷ ಕಡಿಮೆ ಫೀ ಹೇಳಿ ಆಮೇಲೆ ಏರಿಸುವುದು ಬಹಳ ಕಡೆ ಇರುವ ಅಭ್ಯಾಸ. ಲೆಕ್ಕಿಗ ಅವರ ಫರ್ಮ್ ಮೊದಲ ವರ್ಷವೇ ಪೂರ್ತಿ ರೇಟ್ ಹೇಳಿದೆ. ನನಗೆ ಅದು ಒಳ್ಳೆಯ ಲಕ್ಷಣ.

ಬಡ್ಡಿ ಬಸವ:
ಜಾಸ್ತಿ ಕೇಳಿದರೆ ಒಳ್ಳೆಯ ಲಕ್ಷಣ! ನಾಳೆಯಿಂದ ನಾನೂ ಬಡ್ಡಿ ಏರಿಸುತ್ತೇನೆ.

ಪೀಣ್ಯ ಲೆಕ್ಕಿಗ:
ಎಲ್ಲರಿಗೂ ಥ್ಯಾಂಕ್ಸ್. ಜಯನಗರ ಸಿಎ ಹೇಳಿದ ಮೇಲೆ ಹೊಸ ಫರ್ಮ್‌ಗೆ ಗಂಟೆಗಳ ವಿವರ ಕೇಳಿದೆ. ಕೊಟ್ಟರು. ಮೂರು ಜಾಬ್ ವರ್ಕ್ ಶೆಡ್‌ಗಳ ಎಣಿಕೆ, ಒಳ ನಿಯಂತ್ರಣದ ಪರೀಕ್ಷೆ, ಟ್ಯಾಲಿ ಎಡಿಟ್ ಲಾಗ್ (ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು ಏನು ತಿದ್ದಿದರು ಎಂಬ ದಾಖಲೆ) ಪರಿಶೀಲನೆ, ಕಮಿಟಿ ಸಭೆಗಳಿಗೆ ಪಾರ್ಟ್ನರ್ ಬರುವುದು, ಎಲ್ಲ ಬೇರೆ ಬೇರೆ ಬರೆದಿದ್ದಾರೆ. ಒಳ ನಿಯಂತ್ರಣದ ವರದಿ ಹಳೆಯ ಆಡಿಟರ್ ಕೂಡ ಕೊಡುತ್ತಿದ್ದರು, ವರ್ಷವೂ ಅದೇ ಎರಡು ಪುಟ, ದಿನಾಂಕ ಮಾತ್ರ ಬೇರೆ. ಎಂಡಿಗೆ ಅದನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ಏನೂ ಮಾತಾಡಲಿಲ್ಲ, ಕಾಫಿ ತರಿಸಿದರು.

ಒಂದು ಸಂಶಯ ಉಳಿದಿದೆ. ಇಂಟರ್ನಲ್ ಆಡಿಟ್‌ನವರು ಶೆಡ್‌ಗಳಿಗೆ ವರ್ಷದಲ್ಲಿ ಹಲವು ಸಲ ಹೋಗಿ ಎಣಿಸುತ್ತಾರೆ. ಅದನ್ನೇ ಬಳಸಿಕೊಂಡು ಇವರು ಗಂಟೆ ಕಡಿಮೆ ಮಾಡಬಹುದಲ್ವಾ?

ಜಯನಗರ ಸಿಎ:
ಸ್ವಲ್ಪ ಮಟ್ಟಿಗೆ ಆಗುತ್ತದೆ. ಆಡಿಟ್ ಮಾನದಂಡ ಎಸ್‌ಎ 610 ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಅವರು ಎಷ್ಟು ಸ್ವತಂತ್ರರು, ಕೆಲಸ ಹೇಗಿದೆ ಅಂತ ನಾವು ಮೊದಲು ತೂಗಿ ನೋಡಬೇಕು. ಕೆಲವನ್ನು ಮತ್ತೆ ನಾವೇ ಎಣಿಸಬೇಕು. ಸಹಿಯ ಹೊಣೆ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಈ ವರ್ಷ ಅವರ ವರ್ಕಿಂಗ್ ಪೇಪರ್ ಪೂರ್ತಿ ತೋರಿಸಿ, ಮುಂದಿನ ವರ್ಷ ಕೇಳಿ. ಈ ವರ್ಷವೇ ಉಳಿಸಬೇಕೆಂದರೆ ಬೇರೆ ದಾರಿ ಇದೆ. ಶೆಡ್ಯೂಲ್‌ಗಳು, ಬಾಕಿದಾರರ ಪಟ್ಟಿ, ಚಲನ್ ಫೈಲ್ ಎಲ್ಲ ಏಪ್ರಿಲ್ ಕೊನೆಗೆ ರೆಡಿ ಮಾಡುತ್ತೇವೆ ಎಂದು ಒಪ್ಪಂದ ಪತ್ರದಲ್ಲೇ ಬರೆಯಿರಿ, ಅದಕ್ಕೆ ತಕ್ಕಂತೆ ಕಡಿತ ಕೇಳಿ. ನಮ್ಮ ಅರ್ಧ ಸಮಯ ಹೋಗುವುದು ಕಾಗದಕ್ಕೆ ಕಾಯುವುದರಲ್ಲಿ. ಮತ್ತೆ 11 ಲಕ್ಷದಲ್ಲಿ ಜಿಎಸ್‌ಟಿ 18% ಸೇರಿದೆಯಾ, ಓಡಾಟದ ಖರ್ಚು ಸೇರಿದೆಯಾ ನೋಡಿಕೊಳ್ಳಿ.

ವಸಂತನಗರದ ಸಿಎಸ್:
ಆ ಮಾತುಕತೆ ಕಮಿಟಿ ಮೂಲಕವೇ ನಡೆಯಲಿ, ನಡಾವಳಿಯಲ್ಲಿ ಬರೆಸಿ. ಎಂಡಿ ಫೋನ್ ಮಾಡಿ ಕಡಿಮೆ ಮಾಡಿಸಿದರು ಅಂತ ಆಗಬಾರದು.

ಪೀಣ್ಯ ಲೆಕ್ಕಿಗ:
ಸೇರಿಲ್ಲ. ಎರಡೂ ಸೇರಿಲ್ಲ. ಈಗ ಎಂಡಿ ರೂಮಿಗೆ ಹೋಗುತ್ತಿದ್ದೇನೆ.

ಆರ್ಟಿಕಲ್ ಹುಡುಗ:
ಓಡಾಟದ ಖರ್ಚು ದಯವಿಟ್ಟು ಕಟ್ ಮಾಡಿಸಬೇಡಿ ಸಾರ್.